ಗೀರು

ಸೆಗೆಡ್ ಊರು, ಆಸ್ಪತ್ರೆಯ ನೆಲಮಾಳಿಗೆ.
ಕಿಟಕಿಯಿಲ್ಲ. ತಿಸಾ ಹೊಳೆ ನೂರು ಹೆಜ್ಜೆ ಆಚೆಗೆ,
ಇಲ್ಲಿ ಕೂತವರಿಗೆ ಅದು ಬರೀ ಗೋಡೆಯ ತೇವ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯೊಳಗೆ
ಯಾರದೋ ಗಂಟಲಿನ ಒಂದು ಚೂರು
ಮೂರು ತಟ್ಟೆ ತುಂಬ ಬೆಳೆದು ಕೂತಿದೆ.
ಚೀಟಿಯ ಮೇಲೆ ಅಂಕಿ ಮಾತ್ರ: ನಾಲ್ಕುನೂರ ಹದಿನೇಳು.
ಹೆಸರು ಕೇಳಬಾರದು. ನಿಯಮ.

ನನ್ನ ಕೆಲಸ ಇಷ್ಟೇ:
ಹೆಗಲಿಗೆ ಹೆಗಲು ತಾಗಿಸಿ ನಿಂತ ಕೋಶಗಳ ನಡುವೆ
ಪಿಪೆಟ್ಟಿನ ತುದಿಯಿಂದ ಒಂದು ಗೀರು ಎಳೆಯುವುದು.
ಒಂದೇ ಸಲ, ಉಸಿರು ಬಿಗಿಹಿಡಿದು.
ಬ್ರೆಡ್ಡಿಗೆ ಬೆಣ್ಣೆ ಸವರುವ ಕೈ ಆಗದು ಇದಕ್ಕೆ,
ಕೊರಳ ಮೇಲೆ ಕತ್ತಿಯಾಡಿಸುವ ಕ್ಷೌರಿಕನ ಕೈ ಬೇಕು.
ಆಮೇಲೆ ಕ್ಯಾಮೆರಾ. ಐದು ನಿಮಿಷಕ್ಕೊಂದು ಚಿತ್ರ,
ಬೆಳಗಿನ ತನಕ.
ಎರಡು ದಡ, ನಡುವೆ ಬಯಲು.
ಯಾವ ದಡದ್ದು ಮೊದಲು ಕಾಲು ಚಾಚಿತು,
ಎಷ್ಟು ಹೊತ್ತಿಗೆ ಬಯಲು ಮುಚ್ಚಿತು,
ಬರೆದಿಡುವುದು.
ಮೊದಲ ತಟ್ಟೆಗೆ ಏನೂ ಇಲ್ಲ, ಎರಡನೆಯದಕ್ಕೆ ಅರ್ಧ ಮದ್ದು,
ಮೂರನೆಯದಕ್ಕೆ ಪೂರ್ತಿ.

ಗುರುವಾರ ಸಂಜೆ ಬಾಗಿಲು ತಟ್ಟಿದ ಸದ್ದು.
ತೆರೆದರೆ ಒಬ್ಬ ಮುದುಕ, ಕೊರಳ ಕುಳಿಯಲ್ಲೊಂದು ತೂತು,
ಅದಕ್ಕೆ ಹೆಣೆದ ನೀಲಿ ತೆರೆ,
ಕೋಟಿನ ಜೇಬಿನಿಂದ ಇಣುಕುವ ಮಕ್ಕಳ ಸ್ಲೇಟು.
ಬರೆದು ತೋರಿಸಿದ: ಕೆಲೆಮೆನ್ ಗೆಲ್ಲೇರ್ಟ್.
ಒರೆಸಿ ಮತ್ತೆ: ನನ್ನದು ಇಲ್ಲಿದೆಯಂತೆ.
ಒರೆಸಿ ಮತ್ತೆ: ನಾಲ್ಕುನೂರ ಹದಿನೇಳು.
ನಾನು ಗೋಡೆಗೆ ಅಂಟಿಸಿದ ನಿಯಮದ ಹಾಳೆ ನೋಡಿದೆ,
ಕುರ್ಚಿ ಎಳೆದು ಕೊಟ್ಟೆ.

ಮೂವತ್ತೊಂದು ವರ್ಷ ಹೊಳೆಯಲ್ಲಿ ದೋಣಿ ದಾಟಿಸಿದವನು.
ಆಚೆ ದಡದಿಂದ ಯಾರಾದರೂ ಅಂಬಿಗಾ ಎಂದು ಕೂಗಿದರೆ
ಈಚೆಯಿಂದ ಬಂದೇ ಎನ್ನುವುದು,
ಮಂಜಿರಲಿ, ಗಾಳಿಯಿರಲಿ, ಬಾಯಲ್ಲಿ ಬೀಡಿಯಂಥ ಸಿಗರೇಟಿರಲಿ.
ಈಗ ವಿಲೋ ಮರಕ್ಕೊಂದು ಗಂಟೆ ಕಟ್ಟಿದ್ದಾರೆ.
ಎಳೆದರೆ ಅವನ ತಂಗಿಯ ಮಗ ಬರುತ್ತಾನೆ,
ಇಷ್ಟಬಂದಾಗ.

ಪರದೆ ಹೊತ್ತಿಕೊಂಡಿತು.
ನೀಲಿ ಬೀಜಗಳು, ಅವನ್ನು ಸುತ್ತಿದ ಕೆಂಪು ನಾರು.
ಸ್ಲೇಟು: ಇಷ್ಟು ಕೆಂಪೇ? ಅಷ್ಟು ಸಿಟ್ಟೇ ನನ್ನ ಮೇಲೆ?
ಸುಳ್ಳು ಹೇಳಲಾಗಲಿಲ್ಲ.
ಲೇಸರ್ ಬಣ್ಣವನ್ನು ಎಬ್ಬಿಸುತ್ತದೆ, ಕ್ಯಾಮೆರಾ ಬೆಳಕು ಎಣಿಸುತ್ತದೆ,
ಅದಕ್ಕೆ ಕಾಣುವುದು ಬೂದಿ ಮಾತ್ರ, ಅಜ್ಜ.
ಕೆಂಪು ನಾನು ಹಚ್ಚಿದ್ದು. ಪಟ್ಟಿಯಲ್ಲಿ ಮೊದಲಿತ್ತು.
ತುಂಬ ಹೊತ್ತು ಸುಮ್ಮನಿದ್ದು ಬರೆದ:
ನನ್ನ ದೋಣಿ ಹಸಿರು.
ಒಂದು ಗುಂಡಿ ಒತ್ತಿದೆ.

ಒಂಬತ್ತು ಗಂಟೆಯನ್ನು ನಲವತ್ತು ಸೆಕೆಂಡಿಗೆ ಮಡಚಿ ಓಡಿಸಿದೆ.
ದಡದ ಅಂಚು ಮೊದಲು ನಡುಗಿತು,
ಆಮೇಲೆ ಒಂದು ಕೋಶ ತೆಳ್ಳಗೆ ಅಂಗೈ ಚಾಚಿ
ತಳ ಮುಟ್ಟಿ ನೋಡಿ, ಹಿಂದೆಗೆದು, ಮತ್ತೆ ಚಾಚಿ,
ಹಿಂದಿನವು ಅದರ ಬೆನ್ನು ಹಿಡಿದು,
ಎದುರು ದಡದಿಂದಲೂ ಹಾಗೇ.
ಮುಚ್ಚಿತು.
ಅವನ ಹೆಬ್ಬೆರಳು ತೊಡೆಯ ಮೇಲೆ ಹುಟ್ಟು ಹಾಕುತ್ತಿತ್ತು.
ಸ್ಲೇಟು: ಒಂಬತ್ತು ಗಂಟೆ! ನನಗೆ ನಾಲ್ಕು ನಿಮಿಷ.

ಮೂರನೆಯ ತಟ್ಟೆ.
ಬೆಳಗಿನ ತನಕ ಹೊಳೆ ತೆರೆದೇ ಇತ್ತು,
ದಡದವು ದಡದಲ್ಲೇ ಗುಂಡಗೆ ಮುದುಡಿ ಕೂತಿದ್ದವು.
ನನಗೆ ಹೆಮ್ಮೆ, ಪಕ್ಕದಲ್ಲಿ ಕೂತವನ ಮುಖ ನೋಡಿದೆ.
ಅವನು ನೋಡುತ್ತಿದ್ದುದು ಬೇರೆ.
ಬೆರಳು ಪರದೆಯ ಎಡ ಮೂಲೆಗೆ ಹೋಗಿ ನಿಂತಿತು:
ಎರಡು. ಮದ್ದಿನ ನಡುವೆಯೇ,
ಯಾರ ಹಂಗೂ ಇಲ್ಲದೆ, ಆಚೆ ದಡ ಸೇರಿದ್ದವು.
ನಾನು ನೋಡಿರಲಿಲ್ಲ. ಇಲ್ಲ, ನೋಡಿದ್ದೆ,
ಯಂತ್ರದ ಧೂಳೆಂದು ಬಿಟ್ಟಿದ್ದೆ.

ಅವನು ನಿಧಾನವಾಗಿ ಬರೆದ, ಅಕ್ಷರ ಸೊಟ್ಟಾದರೆ ತಿದ್ದಿ ಬರೆದ:
ಚೀಟಿ ತೆಗೆಯದೆ ಈಜಿ ದಾಟುವವರು
ಎಲ್ಲ ಕಾಲದಲ್ಲೂ ಇಬ್ಬರಾದರೂ ಇರುತ್ತಾರೆ.
ಲೆಕ್ಕಕ್ಕೆ ಹಿಡಿ ಮಗಳೇ.
ಕೊರಳ ತೂತಿನಿಂದ ಗಾಳಿ ಬಂತು, ಎರಡು ಮೂರು ಸಲ.
ನಗು ಅದು, ಅಥವಾ ಕೆಮ್ಮು.

ಅವನು ಹೋದ ಮೇಲೆ ವರದಿ ತಿದ್ದಿದೆ.
ಮೂರನೆಯ ತಟ್ಟೆ, ದಾಟಿದ್ದು: ಎರಡು.
ಬಣ್ಣ: ಹಸಿರು.
ಹಸಿರು ಯಾಕೆ, ಎಮೆಶೆ, ಎಲ್ಲರದೂ ಕೆಂಪಿದೆಯಲ್ಲ,
ಎಂದು ಮೇಲಿನ ಮಹಡಿಯಿಂದ ಕೇಳಿ ಕಳಿಸಿದ್ದಾರೆ.
ಇವತ್ತಿಗೆ ನಾಲ್ಕು ದಿನ.
ಉತ್ತರ ಬರೆಯಲು ಕೂತಿದ್ದೇನೆ.